ಮುಂದಿನ ಭಾಷೆ ಯಾವುದು?

(ಬಾನುಲಿ ಭಾಷಣದ ಬರಹರೂಪ)

ಕನ್ನಡದಲ್ಲಿ ‘ಭಾಷೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ನಾವು ಆಡುವ ನುಡಿ ಒಂದು. ಕೊಟ್ಟ ವಚನ ಇನ್ನೊಂದು. ‘ಭಾಷೆ ಕೊಟ್ಟಿದ್ದೇನೆ, ತಪ್ಪಲಾರೆ’ ಎಂದು ಹಿರಿಯರು ಹೇಳುತ್ತಿದ್ದುದನ್ನು ಕೇಳಿದ್ದೇವೆ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಸಂಕೇತವ್ಯವಸ್ಥೆಗೂ ‘ಭಾಷೆ’ಯೆಂದೇ ಹೆಸರು ಬಿದ್ದಿದೆ. ಅದು ಇಂಗ್ಲಿಷಿನಿಂದ ಬಂದ ಹೆಸರೆಂಬುದು ನಿಜ. ಆದರೂ ಕನ್ನಡದ ಆ ಎರಡನೆಯ ಅರ್ಥವೇ ಅದಕ್ಕೆ ಹೆಚ್ಚು ಒಪ್ಪುತ್ತದೆಂದು ನನಗೆ ಅನೇಕ ಸಲ ಅನ್ನಿಸಿದೆ. ಏಕೆಂಬುದು ಮುಂದೆ ಬರುತ್ತದೆ.

ನಾನು ಮೂವತ್ತು ವರ್ಷಗಳ ಕಾಲ ಗಣಕ ವಿಜ್ಞಾನವನ್ನು ಪಾಠ ಮಾಡಿ ನಿವೃತ್ತನಾದವನು. ನನ್ನ ಊರು ಹಾನಗಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಿಗೆ ಯಾರಾದರೂ ಕರೆದರೆ ಈಗಲೂ ಹೋಗಿಬರುತ್ತೇನೆ. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ಇವೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ನನ್ನ ತಲೆಮಾರಿನವರ ಬಾಯಲ್ಲಿ ಈಗಲೂ ‘ಜಿಲ್ಲೆ’ ಎಂದರೆ ಧಾರವಾಡವೇ. ಇರಲಿ. ಈ ಊರುಗಳಲ್ಲಿ ಭಾಷಣ ಮುಗಿದು ಚಹ ಬರುವ ಹೊತ್ತಿಗೆ ಹುಡುಗರು ಸುತ್ತ ನೆರೆದು ಕೇಳುವ ಪ್ರಶ್ನೆ ಒಂದೇ: “ಸರ್, ಒಂದು ಭಾಷೆ ಬರತೈತ್ರಿ, ಮುಂದ ಯಾವುದು ಕಲೀಬೇಕ್ರಿ?”

ಸವಣೂರಿನಲ್ಲಿ ಈ ಪ್ರಶ್ನೆಯನ್ನು ಒಬ್ಬ ತಂದೆ ಕೇಳಿದರು. ಅವರದು ಎಲೆತೋಟ. ಮಗಳು ಬಿ.ಸಿ.ಎ. ಓದುತ್ತಿದ್ದಳು. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಆ ಊರಿನ ದೊಡ್ಡಹುಣಸೆ ಮರಗಳನ್ನು ನೋಡಿ ಹೊರಟಿದ್ದ ನನ್ನನ್ನು ಅವರು ದಾರಿಯಲ್ಲಿ ನಿಲ್ಲಿಸಿದರು.

“ಮಾಸ್ತರ, ಇಕಿಗೆ ಸಿ ಬರತೈತಿ ಅಂತಾರ. ಪ್ಯಾಟಿಯೊಳಗ ಒಂದು ಸಂಸ್ಥಾದವರು ಇನ್ನೂ ಐದು ಭಾಷಾ ಕಲಿಸ್ತೀವಿ, ಆರು ತಿಂಗಳದಾಗ ನೌಕರಿ ಅಂತ ಹೇಳ್ಯಾರ. ಎಲಿ ಮಾರಿದ ರೊಕ್ಕ ಎಲ್ಲಾ ಕೊಡಾಕ ತಯಾರ ಅದೀನಿ. ನೀವು ಒಂದು ಮಾತು ಹೇಳ್ರಿ.”

ಒಂದು ವರ್ಷದ ಎಲೆಯ ಹಣ. ಮಗಳು ನೆಲ ನೋಡುತ್ತ ನಿಂತಿದ್ದಳು. ಒಂದು ಮಾತು ಹೇಳುವುದು ಸುಲಭವಾಗಿರಲಿಲ್ಲ.

ಆ ದೊಡ್ಡಹುಣಸೆಯ ವಿಷಯ ಬಂದಿತಾದ್ದರಿಂದ ಒಂದು ಮಾತು. ಅದು ಹುಣಸೆಯೇ ಅಲ್ಲ. ಆಫ್ರಿಕದ ಬಾವೊಬಾಬ್ ಮರ. ಹೊರಗಿನಿಂದ ಬಂದ ವಸ್ತುವಿಗೆ ಜನ ತಮಗೆ ತಿಳಿದ ಹತ್ತಿರದ ಹೆಸರನ್ನಿಟ್ಟರು. ಗಣಕದ ‘ಭಾಷೆ’ಯೂ ಅಂಥದೇ ಹೆಸರು. ಅದನ್ನು ನಂಬಿ ಹೊರಟವರು, ಕನ್ನಡ ಬಂದವನು ಮರಾಠಿ ಕಲಿತಂತೆ, ಆಮೇಲೆ ಬಂಗಾಳಿ ಕಲಿತಂತೆ, ಇವುಗಳನ್ನೂ ಸಾಲಾಗಿ ಕಲಿಯಬೇಕೆಂದು ಭಾವಿಸುತ್ತಾರೆ; ಎಷ್ಟು ಹೆಚ್ಚು ಬಂದರೆ ಅಷ್ಟು ದೊಡ್ಡ ಪಂಡಿತನೆಂದು ತಿಳಿಯುತ್ತಾರೆ. ವಸ್ತುಸ್ಥಿತಿ ಬೇರೆಯಾಗಿದೆ.

ನಮ್ಮ ಕಡೆಯ ಒಂದು ದೃಷ್ಟಾಂತ ತೆಗೆದುಕೊಳ್ಳೋಣ. ಗೋವಿನಜೋಳ ಕೊಳ್ಳುವ ವ್ಯಾಪಾರಿ ತನ್ನ ಗುಮಾಸ್ತನಿಗೆ, “ಕಾಳು ಹಸಿ ಇದ್ದರ ರೇಟು ತುಸು ಇಳಿಸು” ಎನ್ನುತ್ತಾನೆ. ಗುಮಾಸ್ತನಿಗೆ ಅಷ್ಟು ಸಾಕು. ಕಾಳನ್ನು ಕೈಯಲ್ಲಿ ಹಿಡಿಯುತ್ತಾನೆ, ಮಾರಲು ಬಂದವನ ಮುಖ ನೋಡುತ್ತಾನೆ, ‘ತುಸು’ ಎಂದರೆ ಎಷ್ಟೆಂಬುದನ್ನು ನಿಶ್ಚಯಿಸುತ್ತಾನೆ. ಯಂತ್ರಕ್ಕೆ ಈ ‘ತುಸು’ ತಿಳಿಯದು. ತೇವಾಂಶ ನೂರಕ್ಕೆ 14ಕ್ಕಿಂತ ಹೆಚ್ಚಿದ್ದರೆ, ಹೆಚ್ಚಿರುವ ಪ್ರತಿಯೊಂದು ಅಂಶಕ್ಕೆ ಕ್ವಿಂಟಲಿಗೆ ಇಷ್ಟು ರೂಪಾಯಿ ಕಡಿ ಎಂದು ಹೇಳಬೇಕು. ಸರಿಯಾಗಿ 14 ಇದ್ದರೆ? ಹದಿನಾಲ್ಕೂವರೆ ಇದ್ದರೆ ಅರ್ಧ ಅಂಶಕ್ಕೆ ಕಡಿಯಬೇಕೋ ಬಿಡಬೇಕೋ? 12 ಇದ್ದರೆ ಬೆಲೆ ಏರಿಸಬೇಕೋ? ಇವನ್ನೆಲ್ಲ ಮೊದಲೇ ಯೋಚಿಸಿ ಬರೆದಿಡಬೇಕು. ಬರೆದ ಮೇಲೆ ಯಂತ್ರ ಅದನ್ನು ಅಕ್ಷರಶಃ ಪಾಲಿಸುತ್ತದೆ. ನೀವು ತಪ್ಪಾಗಿ ಬರೆದಿದ್ದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ಇದಕ್ಕೇ ನಾನು ಹೇಳಿದ್ದು, ಇದು ಆಡುವ ಭಾಷೆಗಿಂತ ಕೊಡುವ ಭಾಷೆಗೆ ಹತ್ತಿರವೆಂದು.

ಇಂಥ ವಚನವನ್ನು ಸಿ ಭಾಷೆಯಲ್ಲಿ ಬರೆದರೂ ಪೈಥಾನಿನಲ್ಲಿ ಬರೆದರೂ ಒಳಗಿನ ತಿರುಳು ಅದೇ. ಒಂದು ಬೆಲೆಗೆ ಹೆಸರಿಡುವುದು, ಒಂದು ನಿಬಂಧನೆಯನ್ನು ನೋಡಿ ದಾರಿ ಆರಿಸುವುದು, ಒಂದು ಕೆಲಸವನ್ನು ಬೇಕಾದಷ್ಟು ಸಲ ಮರಳಿ ಮಾಡಿಸುವುದು, ಕೆಲಸಗಳ ಗುಂಪಿಗೆ ಒಂದು ಹೆಸರು ಕೊಟ್ಟು ಬೇಕೆಂದಾಗ ಕರೆಯುವುದು. ಈ ನಾಲ್ಕು ಮನಸ್ಸಿಗೆ ಹತ್ತಿದ ಮೇಲೆ ಮುಂದಿನ ಭಾಷೆಯ ಮುಕ್ಕಾಲು ಪಾಲು ಬಂದಂತೆಯೇ ಸರಿ. ಉಳಿದದ್ದು ಚಿಹ್ನೆಗಳ ವ್ಯತ್ಯಾಸ. ಕನ್ನಡ ಲಿಪಿ ಬಲ್ಲವನು ತೆಲುಗು ಬೋರ್ಡನ್ನು ಓದಿದಷ್ಟೇ ಶ್ರಮ.

ಸಾಹಿತ್ಯಾಸಕ್ತರಲ್ಲಿ ಪ್ರಚಲಿತವಾಗಿರುವ ಒಂದು ನಂಬಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಣಕಕ್ಕೆ ಸಂಸ್ಕೃತವೇ ಅತ್ಯಂತ ಯೋಗ್ಯ ಭಾಷೆಯೆಂದು ಅಮೆರಿಕದ ವಿಜ್ಞಾನಿಗಳು ಸಾರಿದ್ದಾರೆಂಬ ಮಾತನ್ನು ಪ್ರತಿಯೊಂದು ಸಭೆಯಲ್ಲಿಯೂ ಯಾರಾದರೊಬ್ಬರು ಎತ್ತುತ್ತಾರೆ. ಇದರ ಮೂಲ ರಿಕ್ ಬ್ರಿಗ್ಸ್ ಎಂಬವರು 1985ರಲ್ಲಿ ಬರೆದ ಒಂದು ಲೇಖನ. ವಾಕ್ಯದ ಅರ್ಥವನ್ನು ಸಂದಿಗ್ಧವಿಲ್ಲದೆ ಬಿಡಿಸಿಡುವ ಸಂಸ್ಕೃತ ವೈಯಾಕರಣರ ಕ್ರಮಕ್ಕೂ ಗಣಕದಲ್ಲಿ ಜ್ಞಾನವನ್ನು ನಿರೂಪಿಸುವ ಕ್ರಮಕ್ಕೂ ಇರುವ ಹೋಲಿಕೆಯನ್ನು ಅವರು ತೋರಿಸಿದ್ದರು. ಅದು ಪಾಣಿನಿಯ ಪರಂಪರೆಗೆ ಸಂದ ಗೌರವ; ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಬೇಕೆಂಬ ಶಿಫಾರಸಲ್ಲ.

ಈಗ ನನ್ನ ಕತೆ. ನಾನು ಮೊದಲು ಕಲಿತದ್ದು ಫೋರ್ಟ್ರಾನ್. ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ರೂಪಿಸಿ 1957ರಲ್ಲಿ ಹೊರತಂದ ಭಾಷೆ ಅದು. ನಾವು ಆದೇಶಗಳನ್ನು ರಟ್ಟಿನ ಕಾರ್ಡುಗಳ ಮೇಲೆ ರಂಧ್ರ ಕೊರೆದು ಬರೆಯುತ್ತಿದ್ದೆವು. ಒಂದು ಕಾರ್ಡಿಗೆ 80 ಮನೆಗಳು. ಆದೇಶವು ಏಳನೆಯ ಮನೆಯಿಂದ ಆರಂಭವಾಗಬೇಕು. ಆರನೆಯ ಮನೆಯಲ್ಲಿ ಏನನ್ನಾದರೂ ಕೊರೆದರೆ, ಇದು ಹಿಂದಿನ ಸಾಲಿನ ಮುಂದುವರಿಕೆಯೆಂದು ಯಂತ್ರ ತಿಳಿಯುತ್ತಿತ್ತು. ಒಂದು ಸಲ ಒಂದು ಮನೆ ಹಿಂದಕ್ಕೆ ಸರಿದು ಕೊರೆದೆ. ಎರಡು ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಅನರ್ಥವಾಯಿತು. ತಪ್ಪು ಎಲ್ಲಿದೆಯೆಂದು ತಿಳಿಯುವುದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನಗಳಲ್ಲಿ ಕಲಿತದ್ದನ್ನು ಯಾವ ಅಧ್ಯಾಪಕರೂ ನನಗೆ ಕಲಿಸಿರಲಿಲ್ಲ.

ಆಮೇಲೆ ಕೋಬಾಲ್, ಆಮೇಲೆ ಪಾಸ್ಕಲ್. ತೊಂಬತ್ತರ ದಶಕದಲ್ಲಿ ಫಾಕ್ಸ್‌ಪ್ರೋದ ಗಾಳಿ ಬೀಸಿತು. ಸೊಸಾಯಿಟಿಗಳು, ಅಂಗಡಿಗಳು, ಶಾಲೆಗಳು ಎಲ್ಲವೂ ತಮ್ಮ ಲೆಕ್ಕವನ್ನು ಅದರಲ್ಲಿಡುವ ಕಾಲ. ದೊಡ್ಡ ಊರಿನ ಒಂದು ತರಬೇತಿ ಕೇಂದ್ರದವರು, ಇದೊಂದನ್ನು ಕಲಿತರೆ ಜೀವಮಾನಕ್ಕೆ ಸಾಕೆಂದರು. ಎರಡು ತಿಂಗಳ ಸಂಬಳವನ್ನು ಸುರಿದು ಕಲಿತೆ. ನನ್ನ ಮಾತು ನಂಬಿ ಅನೇಕ ವಿದ್ಯಾರ್ಥಿಗಳೂ ಕಲಿತರು. 2007ರಲ್ಲಿ, ಇನ್ನು ಇದರ ಹೊಸ ಆವೃತ್ತಿ ಬರುವುದಿಲ್ಲವೆಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಜೀವಮಾನಕ್ಕೆ ಸಾಕೆಂದದ್ದು ನನ್ನ ಸೇವಾವಧಿಗೂ ಸಾಲದೆಹೋಯಿತು. ಇದಕ್ಕೆ ವಿರುದ್ಧವಾಗಿ, ಎಲ್ಲರೂ ಸತ್ತಿತೆಂದುಕೊಂಡಿದ್ದ ಕೋಬಾಲ್, 2000ನೆಯ ಇಸವಿ ಹತ್ತಿರವಾದಾಗ ಎದ್ದು ಕುಳಿತಿತು. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಂಗಳನ್ನು ತಿದ್ದುವುದಕ್ಕೆ ಕೋಬಾಲ್ ಬಲ್ಲ ಭಾರತೀಯರಿಗೆ ಹೊರದೇಶಗಳಿಂದ ಕರೆ ಬಂತು. ಇಂದಿಗೂ ಎಷ್ಟೋ ಬ್ಯಾಂಕುಗಳ ಲೆಕ್ಕ ಅದರಲ್ಲಿಯೇ ನಡೆಯುತ್ತಿದೆ. ಯಾವ ಭಾಷೆ ಉಳಿಯುತ್ತದೆ, ಯಾವುದು ಅಳಿಯುತ್ತದೆಯೆಂದು ಭವಿಷ್ಯ ನುಡಿಯುವವರನ್ನು ಅಂದಿನಿಂದ ನಾನು ದೂರವಿಟ್ಟಿದ್ದೇನೆ.

ಆದರೆ ಫಾಕ್ಸ್‌ಪ್ರೋಕ್ಕೆ ಕೊಟ್ಟ ಹಣ ಪೂರ್ತಿ ನೀರುಪಾಲಾಯಿತೆ? ಇಲ್ಲ. ಮಾಹಿತಿಯನ್ನು ಕೋಷ್ಟಕಗಳಾಗಿ ವಿಂಗಡಿಸುವುದು, ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಕೂಡಿಸುವುದು, ಬೇಗ ಸಿಕ್ಕುವಂತೆ ಸೂಚಿ ಇಡುವುದು ಇವನ್ನು ನಾನು ಅಲ್ಲಿ ಕಲಿತೆ. ಭಾಷೆ ಹೋಯಿತು, ಈ ವಿಚಾರಗಳು ಉಳಿದವು. ಅವು ಈಗ ಎಸ್‌ಕ್ಯೂಎಲ್ ಎಂಬ ಹೆಸರಿನಲ್ಲಿ ಎಲ್ಲೆಡೆ ಇವೆ. ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧವೊಂದರ ತಳಹದಿಯ ಮೇಲೆ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಇದನ್ನು ಮುಂದಿಟ್ಟರು. ಅರ್ಧ ಶತಮಾನ ಕಳೆದರೂ ಇದು ಕದಲಿಲ್ಲ. ಹುಡುಗರು ಯಾರೂ ಇದನ್ನು ಕೇಳುವುದಿಲ್ಲ. ಇದರಲ್ಲಿ ಬೆರಗುಗೊಳಿಸುವಂಥದು ಏನೂ ಕಾಣುವುದಿಲ್ಲ.

ಹಿರೇಕೆರೂರಿನ ತಹಶೀಲ್ದಾರ ಕಚೇರಿಯ ಕಿಟಕಿಯನ್ನು ನೆನೆಸಿಕೊಳ್ಳಿ. ಎರಡು ಸಾವಿರದ ಇಸವಿಯ ಆಚೀಚೆ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲಿಕರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅದಕ್ಕೂ ಮೊದಲು ರೈತ ಶಾನುಭೋಗಿಕೆಯ ವಾರಸುದಾರರಾದ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಆಮೇಲೆ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಇಂಥ ರಾಶಿಯಿಂದ ಒಂದು ಸರ್ವೆ ನಂಬರನ್ನು ಹೆಕ್ಕುವಾಗ ಸಿ ಭಾಷೆಯವನು, ‘ಮೊದಲ ಕಡತ ತೆಗೆ, ನೋಡು, ಅಲ್ಲವಾದರೆ ಮುಂದಿನದಕ್ಕೆ ಹೋಗು’ ಎಂದು ದಾರಿಯನ್ನು ಹೇಳುತ್ತಾನೆ. ಎಸ್‌ಕ್ಯೂಎಲ್ ಬಲ್ಲವನು, ‘ಇಂಥ ಊರಿನ ಇಂಥ ನಂಬರಿನ ಪಹಣಿ ಬೇಕು’ ಎಂದು ಮಾತ್ರ ಹೇಳುತ್ತಾನೆ. ಹೇಗೆ ಹುಡುಕಬೇಕೆಂಬುದು ಯಂತ್ರದ ಪಾಡು. ಹೀಗೆ ‘ಹೇಗೆ’ ಎಂಬುದರಿಂದ ‘ಏನು’ ಎಂಬುದಕ್ಕೆ ಮನಸ್ಸು ಹೊರಳುವುದು ದೊಡ್ಡ ಅನುಭವ. ಎರಡನೆಯ ಭಾಷೆಯನ್ನು ಕಲಿಯುವುದಾದರೆ ಇಂಥದನ್ನು ಕಲಿಯಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದರ ನೆರೆಮನೆಯನ್ನಲ್ಲ, ಬೇರೊಂದು ಓಣಿಯನ್ನು.

ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಜಾಲಪುಟಗಳನ್ನು ಚಲಿಸುವಂತೆ ಮಾಡಬೇಕೆಂದರೆ 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಹೆಣೆದ ಜಾವಾಸ್ಕ್ರಿಪ್ಟನ್ನು ಬಿಟ್ಟು ಗತಿಯಿಲ್ಲ. ಅವಸರದ ಅಡುಗೆಯ ಕುರುಹು ಅದರಲ್ಲಿ ಇಂದಿಗೂ ಕಾಣುತ್ತದೆ. ಅದೇ ವರ್ಷ ಬಂದ ಜಾವಾ ಹೆಸರಿನಿಂದ ಮಾತ್ರ ಅದರ ಬಂಧು. ದೊಡ್ಡ ಕಚೇರಿಗಳ, ಬ್ಯಾಂಕುಗಳ ಕೆಲಸಕ್ಕೆ ಅದು ಈಗಲೂ ಊರುಗೋಲು. ಆಂಡ್ರಾಯ್ಡ್ ಮೊಬೈಲಿಗೆ ಕಾಟ್ಲಿನ್. ಹೊಲದ ಪಂಪ್‌ಸೆಟ್ಟನ್ನು ಮನೆಯಲ್ಲಿ ಕುಳಿತು ಮೊಬೈಲಿನಿಂದ ಚಾಲೂ ಮಾಡುವ ಪೆಟ್ಟಿಗೆಗಳನ್ನು ನಮ್ಮ ರೈತರು ಬಲ್ಲರು. ಅಂಥ ಪುಟ್ಟ ಯಂತ್ರಗಳೊಳಗೆ ಸಾಮಾನ್ಯವಾಗಿ ಕುಳಿತಿರುವುದು ಡೆನ್ನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆಯೇ. ಅಂಕಿ ಅಂಶಗಳ ಶೋಧನೆಗೆ 1991ರಲ್ಲಿ ಗೈಡೋ ವಾನ್ ರಾಸಮ್ ಬಿಡುಗಡೆ ಮಾಡಿದ ಪೈಥಾನ್. ನಮ್ಮ ಪದವಿಪೂರ್ವ ಶಿಕ್ಷಣದಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಸಿ ಪ್ಲಸ್ ಪ್ಲಸ್ ಎದ್ದುಹೋಗಿ ಪೈಥಾನ್ ಬಂದು ಕುಳಿತಿದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮವು ಪೈಥಾನ್, ಜಾವಾ, ಸಿ ಪ್ಲಸ್ ಪ್ಲಸ್, ವೆಬ್ ಪ್ರೋಗ್ರಾಮಿಂಗ್ ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಿರೆಂದು ಮೊದಲ ವರ್ಷದವರಿಗೇ ಹೇಳಿತು. ಹದಿನೆಂಟರ ಹುಡುಗ ಏನನ್ನು ನೋಡಿ ಆರಿಸಿಯಾನು? ಪಕ್ಕದ ಗೆಳೆಯ ಆರಿಸಿದ್ದನ್ನು.

‘ಯಾವ ಭಾಷೆ ಮೊದಲು’ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿ ಶಾಲೆಗಳಲ್ಲಿ ಪ್ರಥಮ ಭಾಷೆ ಯಾವುದಿರಬೇಕೆಂದು 1981ರಲ್ಲಿ ವರದಿ ಕೊಟ್ಟಾಗ ನಾಡೆಲ್ಲ ಎದ್ದು ನಿಂತಿತ್ತು. ಆ ಪ್ರಶ್ನೆಯ ಹಿಂದೆ ಒಂದು ಜನಾಂಗದ ಬಾಳು ಇತ್ತು. ಗಣಕದ ಭಾಷೆಗಳ ವಿಷಯದಲ್ಲಿ ಯಾರೂ ಬೀದಿಗೆ ಇಳಿಯಬೇಕಾಗಿಲ್ಲ. ಆದರೆ ಕನ್ನಡದ ಪ್ರಶ್ನೆ ಇಲ್ಲಿಯೂ ತಲೆಯೆತ್ತುತ್ತದೆ, ನಾವು ನಿರೀಕ್ಷಿಸದ ಬಾಗಿಲಿನಿಂದ. ಅದನ್ನು ನನಗೆ ತೋರಿಸಿಕೊಟ್ಟವಳು ಆ ಸವಣೂರಿನ ಹುಡುಗಿ.

ತಂದೆಯ ಎದುರು ಮಾತಾಡದಿದ್ದವಳು ಮರುವಾರ ಹಾನಗಲ್ಲಕ್ಕೆ ಒಬ್ಬಳೇ ಬಂದಳು, ಕೈಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪು. ಹಿಂದು ಮುಂದಾಗಿ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಂ ಬರೆಯಿರೆಂದು ಕಾಲೇಜಿನಲ್ಲಿ ಅಭ್ಯಾಸ ಕೊಟ್ಟಿದ್ದರಂತೆ. ಎಲ್ಲ ಕಾಲೇಜುಗಳಲ್ಲಿಯೂ ಕೊಡುವ ಅಭ್ಯಾಸ ಅದು. ಎಲ್ಲರೂ ಇಂಗ್ಲಿಷ್ ಪದ ಹಾಕಿ ಅಂಕ ಪಡೆಯುತ್ತಾರೆ. ಇವಳಿಗೆ ‘ಕನಕ’ ಹಾಕಿ ನೋಡುವ ಮನಸ್ಸಾಯಿತು. ಕನಕದಾಸರ ಬಾಡ ಪಕ್ಕದ ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಇದೆಯಲ್ಲ! ಸಿ ಭಾಷೆಯ ಪ್ರೋಗ್ರಾಂ ‘ಅಲ್ಲ’ ಎಂದಿತು. ‘ಹಾನಗಲ್ಲ’ ಎಂಬುದರಲ್ಲಿ ಎಷ್ಟು ಅಕ್ಷರಗಳೆಂದು ಕೇಳಿದರೆ 21 ಎಂದಿತು.

“ಸರ್, ಮಿಷನ್ನಿಗೆ ಕನ್ನಡ ಎಣಸಾಕ ಬರೂದಿಲ್ಲೇನ್ರಿ?”

“ಬರತೈತವಾ, ಅದು ಏನು ಎಣಸಾಕತ್ತೈತಿ ಅನ್ನೂದನ್ನ ಮೊದಲ ನೋಡೂಣು” ಎಂದು ಆ ದಿನವೇ ಅವಳಿಗೆ ಪೈಥಾನಿನ ನಾಲ್ಕು ಸಾಲು ತೋರಿಸಿದೆ. ಅಲ್ಲಿ ‘ಕನಕ’ ಸರಿಯಾಯಿತು. ‘ಹಾನಗಲ್ಲ’ 7 ಆಯಿತು. ಆದರೆ ‘ವಿಕಟಕವಿ’ ಎಂದು ಬರೆದರೆ ಅದೂ ‘ಅಲ್ಲ’ ಎಂದಿತು! ತೆನಾಲಿ ರಾಮಕೃಷ್ಣನ ಕಾಲದಿಂದ ಮಕ್ಕಳು ಹಿಂದು ಮುಂದಾಗಿ ಓದಿ ನಗುತ್ತ ಬಂದ ಪದ ಯಂತ್ರದ ಪರೀಕ್ಷೆಯಲ್ಲಿ ನಪಾಸಾಯಿತು.

ಕಾರಣ ಸ್ವಾರಸ್ಯವಾಗಿದೆ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯಿದೆ. ‘ಹಾ’ ಎಂಬುದು ನಮಗೆ ಒಂದು ಅಕ್ಷರ. ಅಲ್ಲಿ ಅದು ‘ಹ’ ಒಂದು, ದೀರ್ಘದ ಚಿಹ್ನೆ ಒಂದು. ‘ಲ್ಲ’ ಎಂಬ ಒತ್ತಕ್ಷರ ‘ಲ’, ಅರ್ಧಾಕ್ಷರದ ಚಿಹ್ನೆ, ಮತ್ತೆ ‘ಲ’ ಹೀಗೆ ಮೂರು. ನಮಗೆ ನಾಲ್ಕೇ ಅಕ್ಷರವಾದ ಹಾನಗಲ್ಲ ಈ ರೀತಿಯಾಗಿ ಏಳು ಚಿಹ್ನೆಯಾಗುತ್ತದೆ. ಸಂಗ್ರಹಿಸುವಾಗ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟುಗಳು ಬೇಕು. ಏಳು ಮೂರಲಿ ಇಪ್ಪತ್ತೊಂದು. ಸಿ ಭಾಷೆ ಬೈಟುಗಳನ್ನು ಎಣಿಸಿತು, ಪೈಥಾನ್ ಚಿಹ್ನೆಗಳನ್ನು ಎಣಿಸಿತು, ನಾವು ಅಕ್ಷರಗಳನ್ನು ಎಣಿಸುತ್ತೇವೆ. ಮೂವರೂ ಸುಳ್ಳು ಹೇಳಲಿಲ್ಲ. ಸಿ ಭಾಷೆ ಬೈಟುಗಳನ್ನೇ ತಿರುಗಿಸಿದ್ದರಿಂದ ‘ಕನಕ’ ಕೂಡ ಪುಡಿಯಾಯಿತು. ಪೈಥಾನ್ ‘ವಿಕಟಕವಿ’ಯನ್ನು ತಿರುಗಿಸಿದಾಗ ಗುಡಿಸು ವ್ಯಂಜನದಿಂದ ಕಳಚಿಕೊಂಡು ಪದದ ಮುಂದೆ ಅನಾಥವಾಗಿ ನಿಂತಿತು.

ಒಂದೇ ಭಾಷೆ ಬಲ್ಲವನು ಇದನ್ನು ಯಂತ್ರದ ದೋಷವೆಂದುಕೊಳ್ಳುತ್ತಾನೆ. ಎರಡನೆಯದು ಬಂದಾಗ, ಮೊದಲನೆಯದು ಒಂದು ದೃಷ್ಟಿ ಮಾತ್ರವೆಂಬುದು ಗೊತ್ತಾಗುತ್ತದೆ. ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದ ಬೇಂದ್ರೆಯವರಿಗೆ, ತಮಿಳು ಮಾತಾಡುತ್ತಿದ್ದ ಮಾಸ್ತಿಯವರಿಗೆ ಕನ್ನಡದ ಸೂಕ್ಷ್ಮಗಳು ಅಷ್ಟು ಚೆನ್ನಾಗಿ ಕಂಡದ್ದರಲ್ಲಿ ಇಂಥದೇ ಏನೋ ಇರಬಹುದೆಂದು ನಾನು ಊಹಿಸುವುದುಂಟು. ಅದನ್ನು ವಿಮರ್ಶಕರಿಗೆ ಬಿಡುತ್ತೇನೆ.

ಪೈಥಾನಿನಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದೆಂದು ತಿಳಿದಾಗ ಆ ಹುಡುಗಿಯ ಮುಖ ಅರಳಿತು. ಗೋವಿನಜೋಳದ ಲೆಕ್ಕವನ್ನು ‘ತೇವಾಂಶ’, ‘ದರ’, ‘ಕಡಿತ’ ಎಂಬ ಹೆಸರುಗಳಲ್ಲಿಯೇ ಬರೆದಳು. ‘ಇಫ್’, ‘ವೈಲ್’ ಮುಂತಾದ ಕಟ್ಟುಪದಗಳು ಇಂಗ್ಲಿಷಿನಲ್ಲಿಯೇ ಉಳಿದವು.

ಕೊನೆಗೆ ತಂದೆಯ ಇನ್ನೊಂದು ಪ್ರಶ್ನೆ. 2022ರ ಕೊನೆಯಿಂದೀಚೆಗೆ, ಬಾಯಿಮಾತಿನಲ್ಲಿ ಹೇಳಿದರೆ ತಾನೇ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. “ಅದು ಬರದು ಕೊಡತೈತಂತಲ್ರೀ, ಮತ್ತ ಇಕಿ ಯಾಕ ಕಲೀಬೇಕು?” ನ್ಯಾಯವಾದ ಪ್ರಶ್ನೆ. ಅಲ್ಲಿಯೇ ಪರೀಕ್ಷಿಸಿದೆವು. ಗೋವಿನಜೋಳದ ಲೆಕ್ಕವನ್ನು ಕೇಳಿದಾಗ ಕ್ಷಣಾರ್ಧದಲ್ಲಿ ಮುದ್ದಾದ ಪ್ರೋಗ್ರಾಂ ಬಂತು. ಮಗಳು ಎರಡು ಸಲ ಓದಿದಳು. “ಅಪ್ಪಾ, ಇದರಾಗ ಹನ್ನೆರಡು ಇದ್ದರ ಕಡತ ಮೈನಸ್ ಆಕೈತಿ, ಅಂದ್ರ ವ್ಯಾಪಾರಿನ ರೊಕ್ಕ ಹೆಚ್ಚಿಗೆ ಕೊಡಬೇಕಾಕೈತಿ” ಎಂದಳು. ನಿಬಂಧನೆಯನ್ನು ನಾವೂ ಹೇಳಿರಲಿಲ್ಲ, ಅದೂ ಕೇಳಿರಲಿಲ್ಲ. ತಂದೆ ನಕ್ಕು, “ರೈತಗ ಛಲೋ ಆತಲ್ಲ” ಎಂದರು. ಬರೆಯುವ ಶ್ರಮ ಕಡಿಮೆಯಾಗುತ್ತಿದೆ, ಮುಂದೆ ಇನ್ನೂ ಕಡಿಮೆಯಾದೀತು. ಓದಿ ಒಪ್ಪಿಕೊಳ್ಳುವ ಹೊಣೆ ಮಾತ್ರ ಯಾರಾದರೊಬ್ಬರ ಮೇಲೆ ಇದ್ದೇ ಇರುತ್ತದೆ. ಕೊಟ್ಟ ಭಾಷೆಯಲ್ಲವೆ!

ಆ ಐದು ಭಾಷೆಗಳ ಸಂಸ್ಥೆಗೆ ಹಣ ಕಟ್ಟಬೇಡಿರೆಂದು ಹೇಳಿದೆ. ಆರು ತಿಂಗಳಲ್ಲಿ ಐದು ಭಾಷೆಗಳ ವರ್ಣಮಾಲೆ ಬಂದೀತೇ ಹೊರತು ಒಂದರಲ್ಲಿಯೂ ಒಂದು ಪುಟ ಬರೆಯಲು ಬಾರದು. ಮೂರು ತಿಂಗಳು ಎಸ್‌ಕ್ಯೂಎಲ್, ಆಮೇಲೆ ಒಂದು ವರ್ಷ ಪೈಥಾನ್ ಎಂದು ಆಕೆಗೆ ಚೀಟಿ ಬರೆದುಕೊಟ್ಟೆ. ಇವೆರಡನ್ನೂ ಹಣವಿಲ್ಲದೆ ಇಳಿಸಿಕೊಂಡು ಆ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಕಲಿಯಬಹುದು.

ಎಸ್‌ಕ್ಯೂಎಲ್ ಕಲಿತಳು. ಪೈಥಾನಿನ ಬದಲು ಜಾವಾ ಹಿಡಿದಳು. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಕರೆದವರು ಅದನ್ನೇ ಕೇಳಿದರಂತೆ. ಊರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರವೆಂಬ ಕಾರಣವೂ ಇತ್ತು. ನನ್ನ ಚೀಟಿಗಿಂತ ಅದು ಬಲವಾದ ಕಾರಣ. ಮೊನ್ನೆ ಮೊಬೈಲಿಗೆ ಒಂದು ಸಂದೇಶ ಬಂತು: “ಸರ್, ಜಾವಾದಾಗೂ ಹಾನಗಲ್ಲ ಏಳ ಬಂತ್ರಿ. ವಿಕಟಕವಿನೂ ಅಲ್ಲ ಅಂತ್ರಿ. ಗುಣಿತದ ಚಿಹ್ನೆನ ವ್ಯಂಜನಕ್ಕ ಕಟ್ಟಿ ಆಮ್ಯಾಲ ತಿರುಗಿಸೂ ಹಂಗ ಹತ್ತು ಸಾಲು ಬರದೆ. ಈಗ ಹೌದು ಅಂತೈತ್ರಿ.”